ಹಳ್ಳದಾಚೆಯ ಬಸ್ ಸ್ಟ್ಯಾಂಡು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ನನ್ನ ನೌಕರಿಯೆಲ್ಲ ಈ ನಾಲ್ಕು ಊರುಗಳಲ್ಲೇ ಸವೆಯಿತು. ಹೆಣ್ಣುಮಕ್ಕಳ ಶಾಲೆಗಳಲ್ಲಿ ಹೊಲಿಗೆ ಟೀಚರ್ ಆಗಿದ್ದೆ. ಈಗ ಹೇಳಹೊರಟಿರುವುದು ಇವುಗಳಲ್ಲಿ ಒಂದು ಊರಿನಲ್ಲಿ, ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಡೆದದ್ದು. ಯಾವ ಊರು ಎಂದು ಹೇಳುವುದಿಲ್ಲ. ಹೇಳಿದರೆ ಉಳಿದ ಮೂರು ಊರುಗಳ ದೊಡ್ಡ ಮನುಷ್ಯರು ತಾವು ಮೇಲು ಎಂದುಕೊಂಡಾರು. ಆ ಸುಖವನ್ನು ಅವರಿಗೆ ಕೊಡಲು ನನಗೆ ಮನಸ್ಸಿಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಕೆಲಸಕ್ಕೆ ಸೇರಿದಾಗ ಬಸ್ ಸ್ಟ್ಯಾಂಡ್ ಎಂದರೆ ಬಸ್ಸು ನಿಲ್ಲುವ ಜಾಗ, ಅಷ್ಟೇ. ನ್ಯಾಮತಿಯಲ್ಲಿ ಅಂಗಡಿ ಸಾಲಿನ ಮುಂದೆ ಮೆಣಸಿನಕಾಯಿ ಚೀಲಗಳ ಮೇಲೆ ಕೂತು ಕಾಯುತ್ತಿದ್ದೆವು. ಜಗಳೂರಿನಲ್ಲಿ ಕುರಿಗಳ ಜೊತೆ ನಿಲ್ಲುತ್ತಿದ್ದೆವು. ಬಸ್ಸು ಬಂದರೆ ಕುರಿಗಳೇ ಮೊದಲು ಹತ್ತುತ್ತಿದ್ದವು. ಧೂಳಿತ್ತು, ನೂಕುನುಗ್ಗಲಿತ್ತು, ಕಂಡಕ್ಟರನ ಬೈಗುಳವಿತ್ತು. ಆದರೆ ಹೆದರಿಕೆ ಇರಲಿಲ್ಲ. ಊರ ನಡುವೆ ನಿಂತವಳನ್ನು ಹೋಟೆಲಿನವನು, ಚಪ್ಪಲಿ ಹೊಲಿಯುವವನು, ಹೂವಿನವಳು ಎಲ್ಲರೂ ನೋಡುತ್ತಿದ್ದರು. ಯಾರಾದರೂ ಕೆಟ್ಟ ಮಾತಾಡಿದರೆ ಹೂವಿನವಳೇ ಎದ್ದು ನಿಂತು ಅವನ ಅಪ್ಪನ ಕಾಲದಿಂದ ಹಿಡಿದು ಮಾನ ಕಳೆಯುತ್ತಿದ್ದಳು.

ನಾನು ಹೇಳುತ್ತಿರುವ ಊರಿಗೆ ಅಭಿವೃದ್ಧಿ ಬಂತು. ಬಸ್ ಸ್ಟ್ಯಾಂಡನ್ನು ಊರ ನಡುವಿನಿಂದ ಎತ್ತಿ ಹಳ್ಳದ ಆಚೆ ಹಾಕಬೇಕೆಂದು ತೀರ್ಮಾನವಾಯಿತು. ಊರಲ್ಲಿ ಜಾಗ ಸಾಲದು ಎಂಬುದು ಕಾರಣ. ಹಳ್ಳದ ಆಚೆಯ ಹೊಲಗಳು ರೈಸ್ ಮಿಲ್ಲಿನ ಯಜಮಾನರವು ಎಂಬುದನ್ನು ಯಾರೂ ಕಾರಣ ಎಂದು ಹೇಳಲಿಲ್ಲ. ಅದೇ ಯಜಮಾನರು ಬಸ್ ನಿಲ್ದಾಣ ಸಮಿತಿಯ ಅಧ್ಯಕ್ಷರಾದರು. ಅವರ ಜೊತೆಗೆ ಒಬ್ಬ ವಕೀಲರು, ನಮ್ಮ ಶಾಲೆಯ ಹೆಡ್ಮಾಸ್ತರರು, ಇನ್ನೂ ಒಂದಿಷ್ಟು ಬಿಳಿ ಅಂಗಿಗಳು. ಅಧ್ಯಕ್ಷರಿಗೆ ಜೀಪಿತ್ತು. ವಕೀಲರಿಗೆ ಸ್ಕೂಟರಿತ್ತು. ಹೆಡ್ಮಾಸ್ತರರ ಮನೆ ಶಾಲೆಯ ಹಿಂದೆಯೇ ಇತ್ತು, ಅವರಿಗೆ ಸೈಕಲ್ಲೂ ಬೇಕಿರಲಿಲ್ಲ. ಬಸ್ಸನ್ನೇ ಹತ್ತದ ಜನ ಸೇರಿಕೊಂಡು ಬಸ್ಸು ಎಲ್ಲಿ ನಿಲ್ಲಬೇಕು ಎಂದು ನಿಶ್ಚಯಿಸಿದರು.

ಕಟ್ಟಡವೇನೋ ಚೆನ್ನಾಗಿತ್ತು. ತಾರಸಿ, ಕಂಬ, ಸಿಮೆಂಟಿನ ಕಟ್ಟೆ. ಅಲ್ಲಿಗೆ ಹೋಗುವುದು ಹೇಗೆ ಎಂಬುದೊಂದನ್ನು ಮಾತ್ರ ಆ ಬುದ್ಧಿವಂತರು ಯೋಚಿಸಿರಲಿಲ್ಲ. ಜೀಪಿಗೆ ಡಾಂಬರು ರಸ್ತೆ ಇತ್ತು, ಊರನ್ನು ಬಳಸಿಕೊಂಡು ಸುತ್ತಿ ಹೋಗುವಂಥದ್ದು. ನಡೆಯುವವರಿಗೆ ಹಳ್ಳದ ದಾರಿ. ಇಳಿಜಾರು ಇಳಿದು, ನೀರಿನಲ್ಲಿ ಹಾಕಿದ್ದ ಪಾಚಿಗಟ್ಟಿದ ಕಲ್ಲುಗಳ ಮೇಲೆ ಕಾಲಿಟ್ಟು ದಾಟಿ, ದಡ ಹತ್ತಿದರೆ ಎರಡೂ ಕಡೆ ಬಳ್ಳಾರಿ ಜಾಲಿಯ ಪೊದೆ. ಆ ಪೊದೆಯೇ ಊರ ಗಂಡಸರು ಚೊಂಬು ಹಿಡಿದು ಹೋಗುವ ಬಯಲು. ಪೊದೆ ದಾಟಿದರೆ ಸಾರಾಯಿ ಅಂಗಡಿ. ಅದರ ಬೆಂಚುಗಳು ದಾರಿಯ ಅಂಚಿಗೇ ಇದ್ದವು. ಬೆಂಚಿನ ಮೇಲೆ ಕೂತವರ ಮೊಣಕಾಲಿಗೆ ಸೆರಗು ತಾಗದಂತೆ ಹೋಗುವುದೇ ಒಂದು ಸಾಹಸ.

ನನ್ನ ಹೊಲಿಗೆ ಕ್ಲಾಸಿನ ಅರ್ಧ ಹುಡುಗಿಯರು ಹಳ್ಳಿಗಳಿಂದ ಬಸ್ಸಿನಲ್ಲಿ ಬರುವವರು. ಹೊಸ ಸ್ಟ್ಯಾಂಡು ಶುರುವಾದ ಮೇಲೆ ಒಬ್ಬೊಬ್ಬರಾಗಿ ಕಡಿಮೆಯಾಗತೊಡಗಿದರು. ಮೊದಲು ಜ್ವರ ಎಂದರು, ಆಮೇಲೆ ಸುಗ್ಗಿ ಎಂದರು. ಒಬ್ಬಳು ಮಾತ್ರ ಹಠ ಹಿಡಿದು ಬರುತ್ತಿದ್ದಳು. ಕಸೂತಿಯಲ್ಲಿ ಅವಳಷ್ಟು ಚೆಂದದ ಕೈ ನಾನು ಆಮೇಲೂ ಕಂಡಿಲ್ಲ. ಒಂದು ದಿನ ಅವಳ ಅವ್ವ ಶಾಲೆಗೇ ಬಂದಳು. ಶೇಂಗಾ ಕೀಳುತ್ತಿದ್ದ ಹೊಲದಿಂದ ನೇರವಾಗಿ ಬಂದಿದ್ದಳು, ಉಗುರಿನಲ್ಲಿ ಇನ್ನೂ ಮಣ್ಣಿತ್ತು.

"ಟೀಚರ್ರೇ, ನನ್ನ ಮಗಳು ಓದಿದ್ದು ಸಾಕ್ರಿ. ಕರ್ಕೊಂಡು ಹೋಗಾಕೆ ಬಂದೀನಿ."

"ಯಾಕವ್ವ? ಚೆನ್ನಾಗಿ ಕಲೀತಾ ಇದ್ದಾಳಲ್ಲ."

"ಕಲಿಯೋದಕ್ಕೆ ಬ್ಯಾಡ ಅಂತ ಯಾರಂದ್ರು? ಬಸ್ಸಿಂದ ಇಳ್ದು ಸ್ಕೂಲಿಗೆ ಬರಾದು ಹೆಂಗೆ, ಹೇಳ್ರಿ. ನಿನ್ನೆ ಒಬ್ಬ ದಾರಿಗೆ ಅಡ್ಡ ನಿಂತು ಜಡೆ ಹಿಡಿದನಂತೆ. ಇವಳು ಓಡಿ ಬಂದಾಳೆ, ಪುಸ್ತಕ ಹಳ್ಳಕ್ಕೆ ಬಿದ್ದಾವೆ. ನಾಳೆ ಇನ್ನೇನಾದ್ರೂ ಆದ್ರೆ ನಮ್ಮೂರಾಗೆ ನಾವು ತಲೆ ಎತ್ತಾಕೆ ಆಗ್ತೈತಾ?"

ಹುಡುಗಿ ಕಂಬದ ಹಿಂದೆ ನಿಂತು ಅಳುತ್ತಿದ್ದಳು. ನಾನು ಹೆಡ್ಮಾಸ್ತರರ ಕೋಣೆಗೆ ಹೋಗಿ ವಿಷಯ ಹೇಳಿದೆ. ಆ ಮಹಾನುಭಾವರು ಕನ್ನಡಕ ಒರೆಸುತ್ತ ಕೂತಿದ್ದರು.

"ನೋಡ್ರಿ ಟೀಚರ್, ಹೆಣ್ಣುಮಕ್ಕಳು ತಲೆ ತಗ್ಗಿಸ್ಕೊಂಡು ತಮ್ಮ ಪಾಡಿಗೆ ನಡೆದ್ರೆ ಯಾರೂ ಏನೂ ಮಾಡಲ್ಲ. ಎರಡು ಕೈ ಸೇರಿದ್ರೇನೇ ಚಪ್ಪಾಳೆ."

"ಪಾಚಿಗಲ್ಲಿನ ಮೇಲೆ ನಡೆಯುವಾಗ ಎಲ್ಲರೂ ತಲೆ ತಗ್ಗಿಸಿಕೊಂಡೇ ನಡೀತಾರೆ ಸಾರ್. ನೀವು ಒಂದ್ಸಲ ಬಂದು ನೋಡಿ" ಎಂದೆ. ಅವರಿಗೆ ನನ್ನ ಮಾತು ಉದ್ಧಟತನವಾಗಿ ಕಂಡಿತು. ನನಗೆ ಅವರು ಆ ದಿನದಿಂದ ಮನುಷ್ಯರಾಗಿಯೇ ಕಾಣಲಿಲ್ಲ.

ಇದಾದ ಸ್ವಲ್ಪ ದಿನಕ್ಕೆ ಬಳೆಗಾರ್ತಿ ಬಿದ್ದಳು. ಸಾಬರ ಕೇರಿಯ ಹೆಂಗಸು, ನಡುವಯಸ್ಸು ದಾಟಿದವಳು. ಗಂಡ ತೀರಿಕೊಂಡ ಮೇಲೆ ತಾನೇ ಬಳೆಯ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಸುತ್ತಲಿನ ಸಂತೆಗಳಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದಳು. ಬಣ್ಣಬಣ್ಣದ ಬಳೆಗಳ ಆ ಉದ್ದನೆಯ ಸರ ಅವಳ ಬೆನ್ನಿನ ಮೇಲೆ ಇಳಿಬಿದ್ದಿರುತ್ತಿತ್ತು. ಅವಳು ಬಳೆ ತೊಡಿಸದ ಮನೆ ನಮ್ಮ ಊರಲ್ಲಿರಲಿಲ್ಲ. ಆ ಸಂಜೆ ದಾವಣಗೆರೆ ಬಸ್ಸಿನಿಂದ ಇಳಿದು ನಾವಿಬ್ಬರೂ ಊರ ಕಡೆ ನಡೆಯುತ್ತಿದ್ದೆವು, ಅವಳು ಮುಂದೆ, ನಾನು ಹಿಂದೆ. ಕುಡಿದವನೊಬ್ಬ ಬೆಂಚಿನಿಂದ ಎದ್ದು ಬಂದು, ನನಗೂ ಎರಡು ಬಳೆ ತೊಡಿಸು ಎಂದು ಅವಳ ಹಿಂದೆಯೇ ಹಳ್ಳದವರೆಗೂ ಬಂದ. ಅವಳು ತಿರುಗಿ ನೋಡಲಿಲ್ಲ, ಬೇಗ ಬೇಗ ಹೆಜ್ಜೆ ಹಾಕಿದಳು. ಅವನು ಮಲಾರಕ್ಕೆ ಕೈ ಹಾಕಿ ಎಳೆದ. ಕಲ್ಲು ಜಾರಿತು. ಬಳೆಗಳು ಒಡೆದ ಸದ್ದು, ಅವಳು ಕೂಗಿದ ಸದ್ದು, ಎರಡೂ ಒಟ್ಟಿಗೇ ಕೇಳಿದವು.

ಅವಳ ಬಲಗೈ ಮಣಿಕಟ್ಟಿನ ಮೇಲೆ ಮುರಿದಿತ್ತು. ಗಾಜಿನ ಚೂರು ಮೊಣಕೈವರೆಗೂ ಚುಚ್ಚಿ ಹಳ್ಳದ ನೀರು ಕೆಂಪಾಗಿತ್ತು. ಬೆಂಚಿನ ಮೇಲಿದ್ದವರು ನೋಡಿದರು, ನಕ್ಕರು. ಎಳೆದವನು ಪೊದೆಯೊಳಗೆ ನುಗ್ಗಿ ಮಾಯವಾದ. ಬಟ್ಟೆ ಒಗೆಯುತ್ತಿದ್ದ ಇಬ್ಬರು ಹೆಂಗಸರು ಓಡಿ ಬಂದರು. ಅವಳನ್ನು ನಡೆಸಿಕೊಂಡೇ ಆಸ್ಪತ್ರೆಗೆ ಹೋದೆವು. ಕಟ್ಟು ಹಾಕಿಸಿಕೊಂಡು ಮಂಚದ ಮೇಲೆ ಕೂತ ಅವಳು ಅಳುತ್ತಿರಲಿಲ್ಲ.

"ನೋವಾಗ್ತಿದೆಯಾ?" ಎಂದೆ.

"ಬಿದ್ದಿದ್ದಕ್ಕೆ ಏನಿಲ್ಲ ಟೀಚರಮ್ಮ. ನಕ್ಕರಲ್ಲ, ಅದು ಹೊಟ್ಟೇಲಿ ಉರೀತೈತೆ. ಅವರಾಗೆ ಅರ್ಧ ಜನದ ಹೆಂಡ್ರಿಗೆ ಸೀಮಂತಕ್ಕೆ ಬಳೆ ತೊಡಿಸೀನಿ ನಾನು."

ಸುದ್ದಿ ಊರೆಲ್ಲ ಹಬ್ಬಿತು. ಸಾಬರ ಕೇರಿಯವರು ಸಿಟ್ಟಾದರು, ಒಗೆಯುವವರ ಕೇರಿಯವರೂ ಸಿಟ್ಟಾದರು. ಗಲಾಟೆಯಾದೀತೆಂದು ಸಮಿತಿಯವರು ಸಾರ್ವಜನಿಕ ಸಭೆ ಕರೆದರು. ಜನರ ಅಭಿಪ್ರಾಯ ಕೇಳುತ್ತೇವೆ ಎಂದು ತಮಟೆ ಹೊಡೆಸಿದರು. ಜನರೆಲ್ಲ ಸಂತೆಗೂ ಹೊಲಕ್ಕೂ ಹೋಗಿರುವ ಹೊತ್ತನ್ನೇ ನೋಡಿ ಸಭೆ ಇಟ್ಟಿದ್ದರು. ಆದರೂ ಹೆಂಗಸರು ಬಂದರು. ಅವರನ್ನು ಶಾಲೆಯ ಹಾಲಿನ ಕೊನೆಯಲ್ಲಿ ಜಮಖಾನದ ಮೇಲೆ ಕೂರಿಸಿದರು. ವೇದಿಕೆಯ ಮೇಲೆ ಕುರ್ಚಿಗಳು, ಹೂವಿನ ಹಾರಗಳು. ಕೈ ಮುರಿದವಳು ನೆಲದ ಮೇಲೆ, ಕೈಕಾಲು ಗಟ್ಟಿಯಾಗಿದ್ದವರು ಕುರ್ಚಿಯ ಮೇಲೆ.

ಸಭೆಯಲ್ಲಿ ಬಹಳ ಹೊತ್ತು ಚರ್ಚೆಯಾದದ್ದು ಸ್ವಾಗತ ಕಮಾನಿನ ಬಗ್ಗೆ. ಬಸ್ ಸ್ಟ್ಯಾಂಡಿನ ಬಾಗಿಲಿಗೆ ಕಮಾನು ಕಟ್ಟಬೇಕು, ಅದರ ಮೇಲೆ ಎರಡು ಸಿಂಹ ಇರಬೇಕೋ ಎರಡು ನವಿಲು ಇರಬೇಕೋ. ಸಿಂಹ ಎಂದು ಅಧ್ಯಕ್ಷರು, ನವಿಲು ಎಂದು ಹೆಡ್ಮಾಸ್ತರರು. ಆಮೇಲೆ ವಕೀಲರು ಎದ್ದು ದಾರಿಯ ಬಗ್ಗೆ ಮಾತಾಡಿದರು. ಸ್ತ್ರೀ ಎಂದರೆ ದೇವತೆ, ದೇವತೆ ಗರ್ಭಗುಡಿ ಬಿಟ್ಟು ಒಬ್ಬಳೇ ಹೊರಡುವುದಿಲ್ಲ, ಆದ್ದರಿಂದ ಹೆಣ್ಣುಮಕ್ಕಳು ಗಂಡಸರ ಜೊತೆಯಲ್ಲೇ ಬಸ್ಸಿಗೆ ಹೋಗುವುದು ನಮ್ಮ ಸಂಸ್ಕೃತಿ ಎಂದರು. ಚಪ್ಪಾಳೆ ಬಿತ್ತು. ಕೊನೆಯಲ್ಲಿ ಯಾರಾದರೂ ಅಭಿಪ್ರಾಯ ಹೇಳುವುದಿದ್ದರೆ ಬೇಗ ಹೇಳಿ, ಕಾಫಿ ಬಂದಿದೆ ಎಂದರು ಅಧ್ಯಕ್ಷರು.

ಬಳೆಗಾರ್ತಿ ಎದ್ದಳು. ಮುರಿದ ಕೈ ಕೊರಳಿನ ಜೋಳಿಗೆಯಲ್ಲಿತ್ತು.

"ನಂದೊಂದು ಮಾತು ಐತ್ರಿ. ಮ್ಯಾಲೆ ಕುಂತೀರಲ್ಲ, ನಿಮ್ಮಾಗೆ ಬಸ್ಸಿಗೆ ಹೋಗೋರು ಯಾರದೀರಿ? ಒಂದ್ಸಲ ಕೈ ಎತ್ರಿ ನೋಡಾನ."

ಯಾರ ಕೈಯೂ ಮೇಲೇಳಲಿಲ್ಲ. ಜಮಖಾನದ ಕಡೆಯಿಂದ ಸಣ್ಣ ನಗೆ ಎದ್ದಿತು.

"ಹಂಗಾದ್ರೆ ದಾರಿ ಹೆಂಗೈತೆ ಅಂತ ನಿಮಗೆ ಹೆಂಗೆ ಗೊತ್ತಾಗ್ತೈತೆ? ಕೆಳಗೆ ಕುಂತೋರನ್ನ ಕೇಳ್ರಿ."

ಅಧ್ಯಕ್ಷರು ಹಲ್ಲು ಕಿರಿದರು. ಇಂಥವರ ವಿದ್ಯೆಯೇ ಅದು; ಬೈದರೂ ಹಾರ ಹಾಕಿಸಿಕೊಂಡಂತೆ ನಗುತ್ತಾರೆ. "ತಾಯಿ ಹೇಳಿದ್ದು ಸರಿ ಐತೆ. ಸಮಿತಿಗೆ ಮಹಿಳಾ ಪ್ರತಿನಿಧಿ ಬೇಕು. ನಮ್ಮ ಹೊಲಿಗೆ ಟೀಚರನ್ನೇ ಸೇರಿಸ್ಕೊಂಡೀವಿ" ಎಂದು ಅಲ್ಲೇ ಘೋಷಿಸಿದರು. ನನ್ನನ್ನು ಕೇಳಲಿಲ್ಲ. ಎಲ್ಲರೂ ಕಾಫಿಗೆ ಎದ್ದರು.

ಮಹಿಳಾ ಪ್ರತಿನಿಧಿಯ ಕೆಲಸ ಏನೆಂದು ಮುಂದಿನ ಸಭೆಯಲ್ಲಿ ಗೊತ್ತಾಯಿತು. ರೈಸ್ ಮಿಲ್ಲಿನ ಆಫೀಸಿನಲ್ಲಿ ಸೇರಿದ್ದೆವು. ಕಮಾನಿನ ಉದ್ಘಾಟನೆಗೆ ಗಣ್ಯರು ಬರುತ್ತಾರೆ, ನೀವು ಹುಡುಗಿಯರಿಗೆ ಸ್ವಾಗತಗೀತೆ ಕಲಿಸಿ, ಆರತಿ ತಟ್ಟೆ ಹಿಡಿಸಿ ನಿಲ್ಲಿಸಿ ಎಂದರು. ಕಲ್ಲು, ಪೊದೆ, ಬೆಂಚು, ದೀಪ ಎಂದು ನಾನು ಶುರುಮಾಡಿದೆ. "ಅದೆಲ್ಲ ಎರಡನೇ ಹಂತದಾಗೆ ಮಾಡಾನ ಟೀಚರ್" ಎಂದರು ಅಧ್ಯಕ್ಷರು. "ಯಾವ ಹುಡುಗಿಯರು ಸಾರ್? ಬಸ್ಸಿನಲ್ಲಿ ಬರುವವರು ಶಾಲೆ ಬಿಟ್ಟಿದ್ದಾರೆ" ಎಂದೆ. "ಊರಿನೋರು ಅದಾರಲ್ಲ" ಎಂದರು. ನಾನು ಎದ್ದು ಬಂದೆ. ಆ ಕೋಣೆಯ ತೌಡಿನ ವಾಸನೆಗಿಂತ ಆ ಜನರ ನಡುವೆ ಕೂತದ್ದೇ ನನಗೆ ಹೇಸಿಗೆಯಾಗಿತ್ತು.

ನೇರವಾಗಿ ಬಳೆಗಾರ್ತಿಯ ಮನೆಗೆ ಹೋದೆ. ಅವಳು ಎಡಗೈಯಲ್ಲಿ ಒಲೆ ಊದುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿ, "ಅವ್ರ ಕೈಲಿ ಏನಾಗ್ತೈತೆ ಟೀಚರಮ್ಮ? ನಡೆಯೋರು ನಾವು. ನಾವೇ ಮಾಡ್ಕೊಳ್ಳಾನ ಬರ್ರಿ" ಎಂದಳು.

ಆಮೇಲೆ ನಾವಿಬ್ಬರೂ ಮನೆಮನೆ ತಿರುಗಿದೆವು. ಅವಳಿಗೆ ಎಲ್ಲ ಕೇರಿಯಲ್ಲೂ ಪಡಸಾಲೆಯವರೆಗೆ ಸಲಿಗೆಯಿತ್ತು. ದೇವಸ್ಥಾನದ ಬೀದಿಯ ಹೆಂಗಸರೂ ಅವಳಿಗೆ ಮಣೆ ಹಾಕುತ್ತಿದ್ದರು. ಒಂದು ಭಾನುವಾರ ಬೆಳಿಗ್ಗೆ ಹಳ್ಳದ ದಡದಲ್ಲಿ ನಾನು ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಜನ ಸೇರಿದರು. ಒಗೆಯುವವರು, ಆ ಊರಿನ ಹೂವಿನವಳು, ಆಸ್ಪತ್ರೆಯ ನರ್ಸು, ಬೀಡಿ ಕಟ್ಟುವವರು, ಕಲ್ಲು ಒಡೆಯುವವರ ಹಟ್ಟಿಯ ಹೆಂಗಸರು. ಹಟ್ಟಿಯ ಗಂಡಸರು ಎರಡು ದೊಡ್ಡ ಚಪ್ಪಡಿಗಳನ್ನು ಗಾಡಿಯ ಮೇಲೆ ಹೇರಿಕೊಂಡು ಬಂದಿದ್ದರು. ಹಗ್ಗ ಕಟ್ಟಿ, ಐಸಾ ಎಂದು ಕೂಗಿ, ಹಳ್ಳಕ್ಕೆ ಅಡ್ಡ ಇಳಿಸಿದರು. ಸಾಬರ ಕೇರಿಯ ಹುಡುಗರು ಕೆಳಗೆ ಕಲ್ಲು ಕಟ್ಟಿ ಗಾರೆ ತುಂಬಿದರು. ಮಧ್ಯಾಹ್ನದ ಹೊತ್ತಿಗೆ ಚಪ್ಪಲಿ ಒದ್ದೆಯಾಗದೆ ಹಳ್ಳ ದಾಟಬಹುದಿತ್ತು. ಸಮಿತಿಯ ಒಬ್ಬನೂ ಆ ಕಡೆ ಮುಖ ಹಾಕಲಿಲ್ಲ. ಹಾಕಿದ್ದರೆ ನಾವೇ ಹಳ್ಳಕ್ಕೆ ನೂಕುತ್ತಿದ್ದೆವೇನೋ.

ಜಾಲಿಪೊದೆ ಇನ್ನೂ ಸುಲಭವಾಯಿತು. ಸೌದೆಗೆ ಬೇಕಾದವರೆಲ್ಲ ಕಡಿದುಕೊಳ್ಳಿ ಎಂದು ಕೇರಿಗಳಲ್ಲಿ ಹೇಳಿದೆವು. ಕೆಲವೇ ದಿನಗಳಲ್ಲಿ ದಾರಿಯ ಎರಡೂ ಕಡೆ ಬಟಾಬಯಲಾಯಿತು. ಮರೆ ಇಲ್ಲದಿದ್ದರೆ ನಮ್ಮ ಗಂಡಸರಿಗೂ ನಾಚಿಕೆ ಎಂಬುದು ಇರುತ್ತದೆಂದು ಆಗ ತಿಳಿಯಿತು. ಅವರೆಲ್ಲ ಚೊಂಬು ಹಿಡಿದು ಬೇರೆ ದಿಕ್ಕು ಹುಡುಕಿಕೊಂಡು ಹೋದರು.

ಚಪ್ಪಡಿ ಹಾಕಿದ ವಾರವೇ ನಾನು ಬಸ್ಸು ಹಿಡಿದು ಆ ಕಸೂತಿಯ ಹುಡುಗಿಯ ಹಳ್ಳಿಗೆ ಹೋದೆ. ಅವಳ ಅವ್ವ ಹೊಸಿಲ ಮೇಲೆ ಕೂತು ಮೊರದಲ್ಲಿ ಕಾಳು ಕೇರುತ್ತಿದ್ದಳು. ದಾರಿ ಸರಿಯಾಗಿದೆ, ಮಗಳನ್ನು ಕಳಿಸು ಎಂದೆ. ಅವಳು ಮೊರ ಕೆಳಗಿಟ್ಟಳು.

"ಅದನ್ನ ಹೇಳಾಕೆ ಇಷ್ಟು ದೂರ ಬಂದ್ರಾ ಟೀಚರ್ರೇ? ಅವಳ್ನ ಲಗ್ನ ಮಾಡಿ ಕೊಟ್ಟು ಆತಲ್ರಿ. ಮನ್ಯಾಗಿಟ್ಕೊಂಡು ಏನು ಮಾಡ್ಲಿ? ನಿಮ್ಮ ದಾರಿ ತಡ ಆತು."

ಮಜ್ಜಿಗೆ ಕೊಟ್ಟಳು, ಕುಡಿದು ಬಂದೆ. ಉಳಿದ ಹುಡುಗಿಯರಲ್ಲಿ ಹಲವರು ಶಾಲೆಗೆ ಮರಳಿದರು, ನಿಜ. ಆದರೆ ಸಿಂಹವೋ ನವಿಲೋ ಎಂದು ಆ ಜನ ಚರ್ಚಿಸುತ್ತ ಕೂತಿದ್ದ ತಿಂಗಳುಗಳಲ್ಲಿ ಒಬ್ಬ ಹುಡುಗಿಯ ಬಾಳು ಬೇರೆ ದಾರಿ ಹಿಡಿದಿತ್ತು. ಅದನ್ನು ನೆನೆದಾಗಲೆಲ್ಲ ಈಗಲೂ ಬಾಯಿ ಕಹಿಯಾಗುತ್ತದೆ.

ಉಳಿದದ್ದು ಸಾರಾಯಿ ಅಂಗಡಿ. ಅದಕ್ಕೆ ಸರ್ಕಾರದ ಲೈಸೆನ್ಸಿತ್ತು, ಕಂಟ್ರಾಕ್ಟರನಿಗೆ ಅಧ್ಯಕ್ಷರ ಸ್ನೇಹವಿತ್ತು. ಮುಚ್ಚಿಸಲು ನಮ್ಮಿಂದ ಆಗುವಂತಿರಲಿಲ್ಲ. ಬೆಂಚಿನ ಉಪಾಯ ಹೊಳೆದದ್ದು ಹೂವಿನವಳಿಗೆ. "ಬೆಂಚು ದಾರೀಲಿ ಅದಾವೆ, ದಾರಿ ಎಲ್ರದು. ಬಸ್ಸಿಗೆ ಕಾಯೋರು ಅಲ್ಲೇ ಕುಂದ್ರಾನ" ಎಂದಳು.

ಮರುದಿನ ಸಂಜೆಯಿಂದ ಹೆಂಗಸರು ಗಂಡಸರಿಗಿಂತ ಮೊದಲೇ ಹೋಗಿ ಬೆಂಚುಗಳ ಮೇಲೆ ಕೂರತೊಡಗಿದರು. ಬುಟ್ಟಿ, ಕೂಸು, ಕೋಳಿ ಎಲ್ಲ ಸಮೇತ. ಒಬ್ಬಳು ಹೂ ಕಟ್ಟುತ್ತಿದ್ದಳು, ಒಬ್ಬಳು ಮೊಮ್ಮಗಳ ತಲೆಯ ಹೇನು ನೋಡುತ್ತಿದ್ದಳು. ಕುಡಿಯಲು ಬಂದವರು ದೂರದಲ್ಲೇ ನಿಂತರು. ಬೆಂಚಿನ ಮೇಲೆ ಅವರವರ ಅತ್ತೆ, ಚಿಕ್ಕಮ್ಮ, ನಾದಿನಿಯರಿದ್ದರು. ಅಷ್ಟು ಜನದ ಮುಂದೆ ಗ್ಲಾಸು ಎತ್ತುವ ಎದೆಗಾರಿಕೆ ಅವರಲ್ಲಿ ಒಬ್ಬನಿಗೂ ಇರಲಿಲ್ಲ. ಹೆಣ್ಣೊಬ್ಬಳೇ ಸಿಕ್ಕಾಗ ಹುಲಿಗಳಾಗಿದ್ದವರು ಈಗ ಬಾಲ ಮುದುರಿ ಡಾಂಬರು ರಸ್ತೆಯ ಕಡೆ ಸರಿದರು.

ಅಧ್ಯಕ್ಷರು ನನ್ನನ್ನು ಕರೆಸಿದರು. "ಏನ್ರಿ ಟೀಚರ್, ಸಾರಾಯಿ ಅಂಗಡಿ ಮುಂದೆ ಹೆಣ್ಣುಮಕ್ಕಳು ಕುಂದ್ರೋದು ಊರಿಗೆ ಮರ್ಯಾದೆನಾ?"

"ನಮಗೂ ಅದೇ ಯೋಚನೆ ಸಾರ್. ಬೆಂಚು ಹಿಂದಕ್ಕೆ ಹಾಕಿಸಿ, ನಾವು ಎದ್ದು ಹೋಗ್ತೀವಿ."

ಅವರು ಕೈ ಬೀಸಿ ನನ್ನನ್ನು ಕಳಿಸಿದರು. ಒಂದೆರಡು ದಿನ ಕಾದರೆ ಹೆಂಗಸರು ಬೇಸತ್ತು ಮನೆ ಸೇರುತ್ತಾರೆ ಎಂದುಕೊಂಡಿದ್ದರು.

ಅಷ್ಟರಲ್ಲಿ ವಕೀಲರು ಬಂದರು. ಮಸುಕು ಸಂಜೆ, ನಾನೂ ಬೆಂಚಿನ ಮೇಲಿದ್ದೆ. ತಲೆಗೆ ಟವೆಲು ಹೊದ್ದುಕೊಂಡ ಒಬ್ಬ ಮನುಷ್ಯ ಅತ್ತಿತ್ತ ನೋಡುತ್ತ ಅಂಗಡಿಯ ಕಡೆ ಬಂದ. ಬೆಂಚಿನ ಹತ್ತಿರ ಬಂದ ಮೇಲೆ ಅವನಿಗೆ ನಾವು ಕಂಡೆವು, ನಮಗೆ ಅವನು ಕಂಡ. ದೇವತೆ ಗರ್ಭಗುಡಿ ಬಿಟ್ಟು ಹೊರಡುವುದಿಲ್ಲ ಎಂದಿದ್ದ ನಮ್ಮ ವಕೀಲರೇ. ಸ್ಕೂಟರನ್ನು ಎಲ್ಲೋ ಮರೆಯಲ್ಲಿ ನಿಲ್ಲಿಸಿ ಬಂದಿದ್ದರು.

ಬಳೆಗಾರ್ತಿ ಬಹಳ ಮರ್ಯಾದೆಯಿಂದ ಸರಿದು ಜಾಗ ಮಾಡಿದಳು. "ಬರ್ರಿ ವಕೀಲ್ ಸಾಬ್, ಕುಂದ್ರಿ. ಬಸ್ಸಿಗೆ ಬಂದ್ರಾ?"

ವಕೀಲರು ತಲೆಯ ಟವೆಲನ್ನು ಹೆಗಲಿಗೆ ಇಳಿಸಿಕೊಂಡರು. "ಹೂಂ, ಹೌದು. ಬಸ್ಸಿಗೇ ಬಂದೆ."

"ಇನ್ನೂ ಟೈಮೈತೆ. ನಾವೂ ಕಾಯಾಕತ್ತೀವಿ."

ಕೂತರು. ಒಂದು ಕಡೆ ಹೂವಿನವಳು, ಇನ್ನೊಂದು ಕಡೆ ಕೋಳಿಯ ಬುಟ್ಟಿ. ಅಂಗಡಿಯವನು ಒಳಗಿನಿಂದ ಇಣುಕಿ ನೋಡಿ ತಲೆ ಒಳಕ್ಕೆಳೆದುಕೊಂಡ. ಹೆಂಗಸರು ವಕೀಲರ ಹೆಂಡತಿಯ ಆರೋಗ್ಯ ಕೇಳಿದರು, ಮಕ್ಕಳ ಓದು ಕೇಳಿದರು. ಅವರು ಪ್ರತಿಯೊಂದಕ್ಕೂ ಟವೆಲಿನಿಂದ ಬೆವರು ಒರೆಸಿಕೊಂಡು ಉತ್ತರ ಹೇಳಿದರು. ಬಸ್ಸು ಬಂತು. ಎಲ್ಲರೂ ಎದ್ದೆವು. ನಾವು ಅವರ ಹಿಂದೆ ಮುಂದೆ ನಡೆದು ಸ್ಟ್ಯಾಂಡಿನವರೆಗೂ ಕರೆದುಕೊಂಡು ಹೋದೆವು, ಮೆಟ್ಟಿಲ ಹತ್ತಿರ ನಿಂತು ಹತ್ತಿಸಿದೆವು. ಎಲ್ಲಿಗೆ ಎಂದು ಕಂಡಕ್ಟರ್ ಕೇಳಿದಾಗ ಅವರಿಗೆ ಆ ಬಸ್ಸು ಎಲ್ಲಿಗೆ ಹೋಗುತ್ತದೆಂದೇ ಗೊತ್ತಿರಲಿಲ್ಲ. ಬಸ್ಸು ಹೊರಟ ಮೇಲೆ ಹೆಂಗಸರು ನಕ್ಕ ನಗೆಗೆ ಕೋಳಿಗಳೆಲ್ಲ ಬೆದರಿ ಕೂಗಿಕೊಂಡವು. ನಾನು ಅಷ್ಟು ಮನಸಾರೆ ಇನ್ನೊಬ್ಬರ ಅವಮಾನಕ್ಕೆ ನಕ್ಕದ್ದು ಅದೊಂದೇ ಸಲ. ಪಶ್ಚಾತ್ತಾಪವೇನೂ ಇಲ್ಲ. ಅವರು ಮುಂದಿನ ಹಳ್ಳಿಯಲ್ಲಿ ಇಳಿದು, ಹೊಲದ ಬದುವಿನ ಮೇಲೆ ನಡೆದುಕೊಂಡು ಊರು ಸೇರಿದರಂತೆ.

ಅದಾದ ಮೇಲೆ ಬೆಂಚುಗಳು ತಾವಾಗಿಯೇ ಹಿತ್ತಲಿಗೆ ಹೋದವು. ಅಂಗಡಿಯ ದಾರಿಕಡೆಯ ಬಾಗಿಲಿಗೆ ಹಲಗೆ ಹೊಡೆದು, ಹಿಂದೆ ಬಾಗಿಲು ತೆಗೆದರು. ಒತ್ತಾಯ ಮಾಡಿದವರು ವಕೀಲರೇ ಎಂದು ಆಮೇಲೆ ತಿಳಿಯಿತು. ಒಳ್ಳೆಯ ಕೆಲಸಕ್ಕೆ ಕಾರಣ ಒಳ್ಳೆಯ ಮನಸ್ಸೇ ಆಗಿರಬೇಕೆಂದಿಲ್ಲ.

ಕಮಾನಿನ ಉದ್ಘಾಟನೆಯೂ ಆಯಿತು. ಸಿಂಹವೇ ಗೆದ್ದಿತ್ತು. ಚಪ್ಪಡಿ ಹಾಸಿದ್ದು, ಪೊದೆ ಕಡಿದದ್ದು, ಬೆಂಚು ಸರಿದದ್ದು, ಎಲ್ಲವೂ ಸಮಿತಿಯ ದೂರದೃಷ್ಟಿ ಮತ್ತು ಜನರ ಸಹಕಾರದಿಂದ ಆದದ್ದೆಂದು ಅಧ್ಯಕ್ಷರು ಭಾಷಣ ಮಾಡಿದರು. ದಾರಿಗೆ ಅಂದು ಸಾಲಾಗಿ ಟ್ಯೂಬ್‌ಲೈಟು ಹಾಕಿಸಿದ್ದರು. ಮರುದಿನ ಬೆಳಿಗ್ಗೆ ಬಾಡಿಗೆಯವರು ಬಂದು ಬಿಚ್ಚಿಕೊಂಡು ಹೋದರು. ಬಳೆಗಾರ್ತಿಗೆ ಸನ್ಮಾನ ಎಂದು ಹೆಸರು ಕೂಗಿದಾಗ ಅವಳು ಅಲ್ಲಿರಲಿಲ್ಲ. ಸಂತೆಗೆ ಹೋಗಿದ್ದಳು. ಅವಳ ಬಲಗೈ ಪೂರ್ತಿ ಸರಿಹೋಗಲೇ ಇಲ್ಲ. ಬಿಗಿಯಾದ ಬಳೆ ಏರಿಸುವಾಗ ಸೊಸೆಯನ್ನು ಕರೆಯಬೇಕಾಗುತ್ತಿತ್ತು. ಮುಂದಿನ ಚುನಾವಣೆಗೆ ಅಧ್ಯಕ್ಷರು ಆ ಚಪ್ಪಡಿಯನ್ನೇ ಹೇಳಿಕೊಂಡು ನಿಂತರು. ಗೆದ್ದರು ಕೂಡ.

ನನಗೆ ವರ್ಗವಾಯಿತು, ಉಳಿದ ಮೂರು ಊರುಗಳಲ್ಲಿ ಒಂದಕ್ಕೆ. ಹೆಡ್ಮಾಸ್ತರರು ತಾವೇನೂ ಮಾಡಿಲ್ಲ ಎಂದು ನಾನು ಕೇಳುವ ಮೊದಲೇ ಹೇಳಿದರು. ಬೀಳ್ಕೊಡುಗೆ ಬೇಡವೆಂದೆ. ಹೊರಡುವ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಅಂಗಳದ ತುಂಬ ಹೆಂಗಸರು. ಕಲ್ಲು ಒಡೆಯುವವರ ಹಟ್ಟಿಯ ಒಬ್ಬಳು ನನ್ನ ಹೊಲಿಗೆ ಮಿಷನ್ನನ್ನು ಸಿಂಬಿಯ ಮೇಲೆ ಹೊತ್ತಳು, ಇನ್ನೊಬ್ಬಳು ಟ್ರಂಕು. ಹಾಸಿಗೆ, ಪಾತ್ರೆ, ತುಳಸಿ ಕುಂಡ, ಒಂದೊಂದು ಒಬ್ಬೊಬ್ಬರ ಕೈಯಲ್ಲಿ. ಮಾತಾಡಿಕೊಂಡು ಬಸ್ ಸ್ಟ್ಯಾಂಡಿಗೆ ಹೋದೆವು. ಬಸ್ಸಿನ ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್ ನಮ್ಮ ಗುಂಪು ನೋಡಿ ಗಾಬರಿಯಾದ.

"ಇಷ್ಟು ಜನಕ್ಕೆ ಸೀಟಿಲ್ರೀ! ಮುಂದಿನ ಬಸ್ಸಿಗೆ ಬರ್ರಿ!"

"ಸುಮ್ಕಿರಪ್ಪ, ಬರೋರು ಒಬ್ರೇ" ಎಂದಳು ಬಳೆಗಾರ್ತಿ. "ಮೊದ್ಲು ಮಿಷನ್ನು ಮ್ಯಾಲೆ ಹಾಕು. ಹುಷಾರು, ಸೂಜಿ ಮುರಿದೀತು."